ಎರಡು ಸಲ ಹೇಳುವವಳು

ಮೈಕಮ್ಮ ಯಾವ ಮಾತನ್ನೂ ಒಂದೇ ಸಲ ಹೇಳಿ ಸುಮ್ಮನಾದವಳಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಮೈಕಿಗೆ ಬಾಯಿಟ್ಟು, ಹೊರಡುವ ಬಸ್ಸುಗಳನ್ನು ಕೂಗುವುದೇ ಅವಳ ಕೆಲಸವಾಗಿತ್ತು. ಕೆಲಸಕ್ಕೆ ಸೇರಿದ ದಿನವೇ ಅಲ್ಲಿನ ಹಿರಿಯ ಗುಮಾಸ್ತ ಪಾಠ ಹೇಳಿಕೊಟ್ಟಿದ್ದ. "ಮೊದಲನೇ ಸಲ ಕೂಗೋದು ಜನ ತಲೆ ಎತ್ತಲಿ ಅಂತ ತಾಯಿ. ಎರಡನೇ ಸಲ ಕೂಗೋದು ಅವರಿಗೆ ಕೇಳಲಿ ಅಂತ." ದಿನಾ ಬೆಳಿಗ್ಗೆ ಮೈಕಿನ ಗುಂಡಿ ಒತ್ತುವ ಮೊದಲು ಅವಳು ಕಣ್ಣುಮುಚ್ಚಿ, "ದೇವರೇ, ಇವತ್ತು ಯಾರಿಗೂ ಬಸ್ಸು ತಪ್ಪದಿರಲಿ" ಎಂದುಕೊಳ್ಳುತ್ತಿದ್ದಳು. ದೇವರಿಗೆ ಮಾತ್ರ ಒಂದೇ ಸಲ. ಅವನಿಗೆ ಕಿವಿ ಚುರುಕೆಂಬ ನಂಬಿಕೆ.

ಆ ಪಾಠ ಗೂಡಿನಿಂದ ಮನೆಗೂ ಅವಳ ಜೊತೆ ನಡೆದು ಬಂತು. "ಕೈ ತೊಳ್ಕೊಂಡು ಬನ್ನಿ, ಬಡಿಸಿದೀನಿ. ಕೈ ತೊಳ್ಕೊಂಡು ಬನ್ನಿ, ಬಡಿಸಿದೀನಿ." ಮಗ ಚಿಕ್ಕವನಿದ್ದಾಗ ಮೂಗು ಹಿಡಿದುಕೊಂಡು ಅಣಕಿಸುತ್ತಿದ್ದ. "ಪ್ರಯಾಣಿಕರ ಗಮನಕ್ಕೆ! ಅಮ್ಮ ಬೈಯೋಕೆ ಹೊರಡ್ತಾ ಇದ್ದಾರೆ! ಪ್ರಯಾಣಿಕರ ಗಮನಕ್ಕೆ!" ಬೀದಿಯವರು ಇಟ್ಟ 'ಮೈಕಮ್ಮ' ಎಂಬ ಹೆಸರು ಹಾಗೆಯೇ ಗಟ್ಟಿಯಾಯಿತು.

ಈಗ ಎಲ್ಲವೂ ಒಂದೇ ಸಲ. ಗೂಡಿನ ಕಿಟಕಿಯಿಂದ ವರ್ಷಗಟ್ಟಲೆ ಒಳಗೆ ಬಂದ ಬಸ್ಸಿನ ಹೊಗೆ ಅವಳ ಎದೆಯಲ್ಲೇ ಬಿಡಾರ ಹೂಡಿತ್ತು. ಕೆಲಸದಿಂದ ನಿವೃತ್ತಿಯಾದ ಮೇಲೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಏದುಸಿರು, ಏದುಸಿರಿನ ಹಿಂದೆ ಆಸ್ಪತ್ರೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದು ಬಿಟ್ಟುಹೋಗೋ ಕಾಯಿಲೆ ಅಲ್ಲಮ್ಮ. ಜಗಳ ಆಡದೆ ಜೊತೇಲಿಟ್ಕೊಂಡು ಬದುಕ್ಬೇಕು. ಮನೇಲಿ ಆಕ್ಸಿಜನ್ ಮೆಷಿನ್ ಇಟ್ಕೊಳ್ಳಿ, ಹಗಲೂ ರಾತ್ರಿ ಮೂಗಿಗೆ ಪೈಪು ಇರಲಿ. ಕೆಲವರಿಗೆ ಒಂದಷ್ಟು ತಿಂಗಳಾದ ಮೇಲೆ ಸ್ವಲ್ಪ ಸುಧಾರಿಸುತ್ತೆ. ಆಗ ಮತ್ತೆ ನೋಡೋಣ." ಈ ಕೊನೆಯ ಮಾತನ್ನು ಮಗ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡವನಂತೆ ಮನೆಗೆ ತಂದ.

ಮೆಷಿನ್ನು ಬಾಡಿಗೆಗೆ ಬಂತು. ಬಟ್ಟೆ ಇಡುವ ಚಿಕ್ಕ ಬೀರುವಿನಷ್ಟು ಎತ್ತರ. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸೋಸಿ ಆಕ್ಸಿಜನ್ ಕೊಡುತ್ತದೆ ಎಂದು ತಂದವನು ವಿವರಿಸಿದ. ಗುಂಡಿ ಒತ್ತಿದ್ದೇ ತಡ, ಗೊರ್ರ್ ಎಂದು ಶುರುವಾಗಿ ನಡುನಡುವೆ ಫುಸ್ಸೆಂದು ನಿಟ್ಟುಸಿರು ಬಿಟ್ಟಿತು. ಎಲ್ಲರೂ ಮುಖ ಮುಖ ನೋಡಿಕೊಂಡರು.

"ಅಜ್ಜಿ, ತಾತ ವಾಪಸ್ ಬಂದ್ರು!" ಎಂದಳು ಮೊಮ್ಮಗಳು.

ಸತ್ತ ಗಂಡನ ಗೊರಕೆಯ ನೆನಪಿಗೆ ಮೈಕಮ್ಮ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಅವರ ಗೊರಕೆಗೆ ಕರೆಂಟ್ ಬಿಲ್ ಇರ್ಲಿಲ್ಲ" ಎಂದಳು. ಆ ದಿನ ಮನೆಯಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದರು.

ಮೆಷಿನ್ನು ಮೊದಲು ಇದ್ದದ್ದು ಮನೆಯ ಮುಂದಿನ ಹಾಲಿನಲ್ಲಿ, ಊಟದ ಮೇಜಿನ ಪಕ್ಕದಲ್ಲಿ. ಅಲ್ಲಿಂದ ಅದನ್ನು ಎಬ್ಬಿಸಿದವರು ಕೆಟ್ಟವರೇನಲ್ಲ. ಮಗ ಬ್ರೆಡ್ಡಿನ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವವನು. ಕೋಳಿ ಕೂಗುವ ಮೊದಲೇ ಎದ್ದು ಹೋಗುವವನಿಗೆ ಸಂಜೆ ಬೇಗ ಕಣ್ಣು ಎಳೆಯುತ್ತಿತ್ತು, ಮಲಗುವುದು ಹಾಲಿನಲ್ಲೇ. ಮೊಮ್ಮಗಳಿಗೆ ದೊಡ್ಡ ಪರೀಕ್ಷೆ ಹತ್ತಿರ ಬಂದಿತ್ತು.

"ಅಪ್ಪಾ, ಓದಿದ್ದು ಒಂದಕ್ಷರ ತಲೆಗೆ ಹೋಗ್ತಾ ಇಲ್ಲ. ಪುಸ್ತಕ ತೆಗೆದ್ರೆ ತಾತ ಗೊರ್ರ್ ಅಂತಾರೆ."

"ಹಿಂದಿನ ಕೋಣೆಗೆ ಹಾಕೋಣ ಕಣಮ್ಮ. ಅಜ್ಜಿಗೂ ಅಲ್ಲಿ ಶಾಂತಿ. ಏನಮ್ಮ?" ಮಗ ತಾಯಿಯ ಕಡೆ ತಿರುಗಿದ.

ಮೆಷಿನ್ನು ಹೋದ ಕಡೆ ತಾನೂ ಹೋಗಬೇಕು, ಆಗ ಶಾಂತಿ ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು ಮೈಕಮ್ಮನಿಗೆ. ಅಷ್ಟುದ್ದ ಹೇಳುವುದಕ್ಕೆ ಉಸಿರು ಸಾಲದು. "ಹೂಂ" ಎಂದಳು.

ಹಿಂದಿನ ಕೋಣೆಯಿಂದ ಪೈಪು ಅಡುಗೆಮನೆಯ ಹೊಸ್ತಿಲವರೆಗೆ ಬರುತ್ತಿತ್ತು. ಅಲ್ಲಿಂದ ಊಟದ ಮೇಜು ಕೆಲವೇ ಹೆಜ್ಜೆ. ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುವ ನರ್ಸಮ್ಮನನ್ನು ಸೊಸೆ ಕೇಳಿದಳು, "ಇನ್ನೊಂದು ಪೈಪು ಜೋಡಿಸಿದ್ರೆ ಆಗಲ್ವಾ?" ನರ್ಸಮ್ಮ ತಲೆಯಾಡಿಸಿದಳು. "ಈಗ್ಲೇ ಇದು ಹೆಚ್ಚು. ಇನ್ನೂ ಉದ್ದ ಮಾಡಿದ್ರೆ ತುದಿಗೆ ಬರೋಷ್ಟ್ರಲ್ಲಿ ಗಾಳಿ ಸೊರಗತ್ತೆ."

ಹೊಸ್ತಿಲ ಬಳಿ ಒಂದು ಸ್ಟೂಲು ಹಾಕಿದರು. ಮೈಕಮ್ಮ ಅಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಜಿನವರನ್ನು ನೋಡುತ್ತ ಊಟ ಮಾಡಿದಳು. ಅದೂ ಬಹಳ ದಿನ ನಡೆಯಲಿಲ್ಲ. ಒಂದು ಸಂಜೆ ಮಗ ಬಿಸಿ ಬೇಳೆಯ ಪಾತ್ರೆ ಹಿಡಿದು ಬರುವಾಗ ಪೈಪಿಗೆ ಕಾಲು ಸಿಕ್ಕಿಸಿಕೊಂಡ. ಬೇಳೆಯೆಲ್ಲ ನೆಲಕ್ಕೆ. ಮೈಕಮ್ಮನ ಮೂಗಿನ ಪೈಪು ಕಿತ್ತು ಬಂತು.

"ಕಾಲು ಸುಟ್ಕೊಂಡ್ರಾ?" ಎಂದು ಸೊಸೆ ಓಡಿ ಬಂದಳು.

"ನನ್ನ ಕಾಲು ಹಾಳಾಗ್ಲಿ, ಅಮ್ಮನ ಮೇಲೆ ಬಿದ್ದಿದ್ರೆ ಏನೇ ಗತಿ? ಅತ್ತ ಇತ್ತ ಓಡಾಡೋ ಜಾಗದಲ್ಲಿ ಕೂರಿಸ್ಬೇಡ ಅಂತ ನಾನು ಬಡ್ಕೊಂಡೆ."

"ಯಾವಾಗ ಬಡ್ಕೊಂಡ್ರಿ? ನನಗೆ ಕೇಳಿಸ್ಲಿಲ್ಲ."

"ಮನಸ್ಸಲ್ಲಿ!"

ಮಾರನೇ ದಿನದಿಂದ ತಟ್ಟೆ ಹಿಂದಿನ ಕೋಣೆಗೇ ಬಂತು.

ಆ ಕೋಣೆಯಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮನೆಯ ಮಾತುಗಳು ಹಾಲಿನಲ್ಲಿ ಹುಟ್ಟಿ ಹಾಲಿನಲ್ಲೇ ಮುಗಿಯುತ್ತಿದ್ದವು. ಬಸ್ಸಿನ ಗದ್ದಲದ ನಡುವೆ ಕೂತು, ಒಂದು ಹಾರ್ನಿನಿಂದ ಇಂಥ ಊರಿನ ಬಸ್ಸು ಬಂತೆಂದು ಹೇಳುತ್ತಿದ್ದ ಕಿವಿ ಅದು. ಈಗ ಮಗ ಮನೆಗೆ ಬಂದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದೊಂದು ಸಲ ಗೊರಗೊರದ ಸಂದಿಯಲ್ಲಿ ನಗು ತೂರಿಕೊಂಡು ಬರುತ್ತಿತ್ತು, ಮೂವರದೂ ಒಟ್ಟಿಗೆ.

ಸೊಸೆ ತಟ್ಟೆ ತಂದಾಗ ಮೈಕಮ್ಮ ಕೇಳಿದಳು. "ಏನಕ್ಕೆ ನಕ್ರಿ?"

"ಏನಿಲ್ಲ ಅತ್ತೆ, ಸುಮ್ನೆ." ಸೊಸೆಯ ಮುಖದಲ್ಲಿ ಆ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ದಿನವಿಡೀ ಬೇರೆಯವರ ಉಗುರು, ಹುಬ್ಬು, ಕೂದಲು ತಿದ್ದಿ ಬಂದವಳು, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ನಗೆಯ ಕಥೆ ಹೇಳುವಷ್ಟು ಪುರುಸೊತ್ತು ಅವಳಿಗೆಲ್ಲಿ?

"ನಾನೂ ಅಲ್ಲಿಗೇ ಬರ್ತೀನಿ, ಊಟಕ್ಕೆ" ಎಂದಳು ಮೈಕಮ್ಮ.

ಮೆಷಿನ್ನು ಸರಿಯಾಗಿ ಆಗಲೇ ಫುಸ್ಸೆಂದಿತು. ಸೊಸೆ ಬಾಗಿಲಲ್ಲಿ ತಿರುಗಿ ನಿಂತಳು. "ಏನಂದ್ರಿ ಅತ್ತೆ?"

ಮೈಕಮ್ಮ ಬಾಯಿ ತೆರೆದಳು. ಅಷ್ಟು ಮಾತಿಗೇ ಎದೆ ಏರಿಳಿಯುತ್ತಿತ್ತು.

"ಏನಿಲ್ಲ" ಎಂದಳು. "ಸುಮ್ನೆ."

ಅದಾದ ಕೆಲವು ದಿನಕ್ಕೆ, ಹಾಲಿನಲ್ಲಿ ತಟ್ಟೆ ಜೋಡಿಸುವ ಹೊತ್ತಿಗೆ, ಮೈಕಮ್ಮ ಮೂಗಿನ ಪೈಪು ತೆಗೆದು ದಿಂಬಿನ ಮೇಲಿಟ್ಟಳು. ನರ್ಸಮ್ಮ ಕಲಿಸಿದಂತೆ ತುಟಿ ಚೂಪು ಮಾಡಿ, ಬಿಸಿ ಹಾಲು ಊದುವವಳ ಹಾಗೆ ಉಸಿರು ಬಿಡುತ್ತ, ಗೋಡೆ ಹಿಡಿದುಕೊಂಡು ನಡೆದಳು. ಹೊಸ್ತಿಲಲ್ಲಿ ನಿಂತು ಸುಧಾರಿಸಿಕೊಂಡಳು. ಆಮೇಲೆ ಮೇಜಿನ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು.

ಮಗ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದ. "ಅಮ್ಮ! ಪೈಪಿಲ್ಲದೆ!"

"ಅಜ್ಜಿ ತಾತನ್ನ ಬಿಟ್ಟು ಓಡಿ ಬಂದ್ಲು!" ಮೊಮ್ಮಗಳು ಚಪ್ಪಾಳೆ ತಟ್ಟಿದಳು.

"ಆಯಾಸ ಆಗಲ್ವಾ ಅತ್ತೆ?" ಸೊಸೆಯ ಪ್ರಶ್ನೆ.

ಮೈಕಮ್ಮ ಕೈಯಾಡಿಸಿದಳು. ಮಾತಾಡಿದರೆ ಗುಟ್ಟು ರಟ್ಟಾಗುತ್ತದೆ. ಮುಗುಳ್ನಗುತ್ತ ಅನ್ನ ಕಲಸಿದಳು. ಮಗ ಖುಷಿಗೆ ತಾನೇ ಎದ್ದು ಅವಳಿಗೆ ಮೊಟ್ಟೆ ಬಡಿಸಿದ, ಕಾರ್ಖಾನೆಯಿಂದ ತಂದ ಬ್ರೆಡ್ಡಿನ ಮೆತ್ತಗಿನ ತುದಿ ಮುರಿದು ಕೊಟ್ಟ. ಅಂದು ಅವನ ಮೇಸ್ತ್ರಿ ಸಕ್ಕರೆಯೆಂದು ಉಪ್ಪು ಸುರಿದು ಒಂದು ಹಂಡೆ ಹಿಟ್ಟನ್ನೇ ಕೆಡಿಸಿದ್ದನಂತೆ. ಮೂವರೂ ನಕ್ಕರು. ಯಾತಕ್ಕೆ ನಕ್ಕರೆಂದು ಮೈಕಮ್ಮ ಕೇಳಬೇಕಾಗಲಿಲ್ಲ.

ಕೋಣೆಗೆ ಮರಳಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಮಂಚದ ಮೇಲೆ ಕುಸಿದಳು. ಪೈಪನ್ನು ಮೂಗಿಗೆ ಸಿಕ್ಕಿಸುವಷ್ಟರಲ್ಲಿ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿಯುತ್ತಿದ್ದವು. ನೀರಿನಿಂದ ಮೇಲೆತ್ತಿದ ಮೀನು ಮತ್ತೆ ನೀರಿಗೆ ಬಿದ್ದಂತೆ ಬಾಯಿ ತೆರೆದು ಮುಚ್ಚಿದಳು. ಮೆಷಿನ್ನಿನ ಸದ್ದು ಇಷ್ಟು ಒಳ್ಳೆಯದು ಮಾಡಿತು: ಅವಳ ಏದುಸಿರು ಆಚೆ ಯಾರಿಗೂ ಕೇಳಿಸಲಿಲ್ಲ.

ದಿನಾ ಸಂಜೆ ಹೀಗೇ ನಡೆಯಿತು. ಮಧ್ಯಾಹ್ನವೆಲ್ಲ ಅಲುಗಾಡದೆ ಮಲಗಿ ಸಂಜೆಗೆಂದು ಉಸಿರು ಕೂಡಿಡುತ್ತಿದ್ದಳು. ಮೇಜಿನಲ್ಲಿ ಮಾತು ಕಡಿಮೆ, ಕೇಳುವುದೇ ಹೆಚ್ಚು. ಒಮ್ಮೆ ತಟ್ಟೆಯ ಅಂಚಿನಲ್ಲಿ ತನ್ನ ಬೆರಳು ಕಂಡು ಬೆಚ್ಚಿದಳು. ಉಗುರೆಲ್ಲ ನೇರಳೆ ಹಣ್ಣು ಹಿಸುಕಿದ ಹಾಗೆ ನೀಲಿ. ಸೆರಗಿನ ಕೆಳಗೆ ಕೈ ಮುಚ್ಚಿಟ್ಟು ಊಟ ಮುಗಿಸಿದಳು. ಕೋಣೆಗೆ ಹೋಗಿ ಪೈಪು ಹಾಕಿಕೊಂಡು ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಬಣ್ಣ ಮಾಮೂಲಿಗೆ ಬಂದಿತ್ತು.

ಮರುದಿನ ಬೆಳಿಗ್ಗೆ, ಸೊಸೆ ಪಾರ್ಲರಿಗೆ ಹೊರಡುವ ಮೊದಲು ಮೈಕಮ್ಮ ಅವಳನ್ನು ಕರೆದಳು. "ನನ್ನ ಉಗುರಿಗೂ ಬಣ್ಣ ಹಚ್ಚೆ."

ಸೊಸೆಗೆ ನಂಬಿಕೆ ಬರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತನ್ನ ಕೆಂಪುಗುರು ನೋಡಿ, "ಹಿಟ್ಟು ನಾದಿದ್ರೆ ಬಣ್ಣ ಉದುರಲ್ವಾ?" ಎಂದು ಚುಚ್ಚಿದ್ದ ಅತ್ತೆ ಇವಳೇ.

"ನಿಮಗಾ? ಯಾವ ಬಣ್ಣ ಅತ್ತೆ? ತಿಳಿ ಗುಲಾಬಿ ಹಾಕ್ಲಾ?"

"ಗಾಢವಾಗಿರೋದು."

ಸೊಸೆ ಕೆಲಸದ ಪೆಟ್ಟಿಗೆ ಬಿಚ್ಚಿ ಮಂಚದ ಪಕ್ಕದಲ್ಲೇ ಕೂತಳು. ಒಂದೊಂದೇ ಬೆರಳನ್ನು ತನ್ನ ಬೆರಳ ನಡುವೆ ಹಿಡಿದು, ಉಗುರಿನ ಬುಡದಿಂದ ತುದಿಗೆ ಕುಂಚ ಎಳೆದಳು. ಊದಿ ಊದಿ ಆರಿಸಿದಳು. ಯಾರಾದರೂ ತನ್ನ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಂಡು ಎಷ್ಟು ಕಾಲವಾಗಿತ್ತು! ಸುಳ್ಳು ಹೇಳಿ ಇದನ್ನೂ ಪಡೆದೆನಲ್ಲ ಎಂದು ಮೈಕಮ್ಮನ ಕಣ್ಣು ತೇವವಾಯಿತು. ಬಣ್ಣದ ಘಾಟಿಗೆ ಎಂದುಕೊಂಡಳು ಸೊಸೆ.

"ಅಮ್ಮನಿಗೆ ಶೋಕಿ ಬಂದಿದೆ ಅಂದ್ರೆ ಮೈಯಲ್ಲಿ ಆರೋಗ್ಯ ಬಂದಿದೆ ಅಂತಲೇ ಅರ್ಥ" ಎಂದು ಮಗ ಸಂಜೆ ಮೇಜಿನಲ್ಲಿ ತೀರ್ಪು ಕೊಟ್ಟ.

ಆ ವಾರ ನರ್ಸಮ್ಮ ಬಂದವಳು ಬಣ್ಣ ನೋಡಿ ಹುಬ್ಬೇರಿಸಿದಳು. "ಏನಮ್ಮ, ಮದುವೆ ಹೆಣ್ಣಾಗಿಬಿಟ್ರಿ! ಇದರ ಮೇಲೆ ನನ್ನ ಕ್ಲಿಪ್ ಹಾಕಿದ್ರೆ ಸುಳ್ಳು ಲೆಕ್ಕ ತೋರಿಸುತ್ತೆ." ಬೆರಳಿಗೆ ಸಿಕ್ಕಿಸುವ ಕ್ಲಿಪ್ಪನ್ನು ಕಾಲ್ಬೆರಳಿಗೆ ಹಾಕಿದಳು. ಮೂಗಿನಲ್ಲಿ ಪೈಪು ಇದ್ದದ್ದರಿಂದ ಆಕ್ಸಿಜನ್ ಚೆನ್ನಾಗಿಯೇ ಇತ್ತು. ಆಮೇಲೆ ಸೊಸೆಯತ್ತ ತಿರುಗಿ, "ಈ ಬಣ್ಣದ ಸೀಸೆ, ತೆಗೆಯೋ ಔಷಧಿ ಎಲ್ಲ ಬೆಂಕಿ ಹತ್ತೋ ಸಾಮಾನು. ಮೆಷಿನ್ ಹತ್ರ, ಪೈಪಿನ ಹತ್ರ ತರಲೇಬೇಡಿ" ಎಂದು ಗದರಿದಳು.

ಮಗ ಅಂದು ಮನೆಯಲ್ಲೇ ಇದ್ದ. "ಅಮ್ಮ ಈಗ ಊಟದ ಹೊತ್ತೆಲ್ಲ ಪೈಪಿಲ್ಲದೆ ಕೂರ್ತಾಳೆ ಸಿಸ್ಟರ್. ಏನೂ ಆಗಲ್ಲ. ಮೆಷಿನ್ ವಾಪಸ್ ಕಳ್ಸಬಹುದಾ?"

ನರ್ಸಮ್ಮ ಮೈಕಮ್ಮನ ಮುಖ ನೋಡಿದಳು. "ಹೌದೇನಮ್ಮ? ಆಯಾಸ ಇಲ್ವಾ?"

ಹೂಂ ಅಂದರೆ ಮೆಷಿನ್ನು ಹೋಗುತ್ತದೆ, ಉಸಿರೂ ಹೋಗುತ್ತದೆ. ಇಲ್ಲ ಅಂದರೆ ಮೇಜು ಹೋಗುತ್ತದೆ. ಮೈಕಮ್ಮ ಎರಡೂ ಅನ್ನದೆ ಕಿಟಕಿಯತ್ತ ನೋಡಿದಳು.

"ನಾನು ಹೇಳೋ ಹಾಗಿಲ್ಲ" ಎಂದಳು ನರ್ಸಮ್ಮ. "ಮುಂದಿನ ವಾರ ಪೈಪು ತೆಗೆಸಿ ನೋಡ್ತೀನಿ. ನಡೆಸಿನೂ ನೋಡ್ತೀನಿ. ಆಮೇಲೆ ಡಾಕ್ಟರು ಹೇಳ್ತಾರೆ. ಅಷ್ಟರಲ್ಲಿ ಉಗುರಿನ ಬಣ್ಣ ತೆಗೆಸಿಟ್ಟಿರಿ. ಅಲ್ಲಿವರೆಗೆ ಪೈಪು ಬಿಟ್ಟು ಇರ್ಬೇಡಿ."

ಕೊನೆಯ ಮಾತು ಮಗನ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಇಳಿಯಲಿಲ್ಲವೋ. ಆ ವಾರವೆಲ್ಲ ಮೇಜಿನ ಸುತ್ತ ಅದೇ ಜಗಳ.

"ಬಾಡಿಗೆಯವನಿಗೆ ಈಗ್ಲೇ ಹೇಳಿಟ್ರೆ ಮುಂದಿನ ತಿಂಗಳದ್ದು ಉಳಿಯುತ್ತೆ."

"ಡಾಕ್ಟರು ಹೇಳೋ ಮೊದ್ಲೇನಾ? ಅಷ್ಟು ಅವಸರ ಏನ್ರೀ?"

"ಅವಸರ ನನಗಾ? ಕರೆಂಟ್ ಬಿಲ್ ನೋಡಿ ಎದೆ ಹಿಡ್ಕೊಂಡವಳು ನೀನು."

"ಬಿಲ್ಲಿಗೆ ಬೈದೆ, ಅತ್ತೆಗೆ ಬೈದ್ನಾ?"

"ಇಬ್ರೂ ಸುಮ್ನಿರಿ" ಎಂದಳು ಮೊಮ್ಮಗಳು. "ಅಜ್ಜೀನೇ ಕೇಳಿ. ಅಜ್ಜಿ, ನೀನೇನಂತೀಯ?"

ಮೂವರೂ ಅವಳ ಕಡೆ ತಿರುಗಿದರು. ಮೂವರ ಮುಖವೂ ಒಟ್ಟಿಗೆ, ಅವಳ ಮಾತಿಗೆ ಕಾದು. ಗಾಜಿನ ಗೂಡು ಬಿಟ್ಟ ಮೇಲೆ ಇಷ್ಟು ಜನ ಅವಳಿಗೆ ಕಿವಿಗೊಟ್ಟದ್ದು ಇದೇ ಮೊದಲು.

"ಅನ್ನ... ಇನ್ನೊಂದ್ಚೂರು" ಎಂದಳು.

"ನೋಡು, ಹಸಿವೂ ಚೆನ್ನಾಗಿದೆ" ಎಂದ ಮಗ.

ನರ್ಸಮ್ಮ ಬರುವ ಹಿಂದಿನ ಸಂಜೆ ಊಟ ಮುಗಿದಿತ್ತು. ಮೈಕಮ್ಮ ಏಳುವ ಮೊದಲೇ ಸೊಸೆ ಹತ್ತಿಯ ಉಂಡೆ, ಬಣ್ಣ ತೆಗೆಯುವ ಸೀಸೆ ತಂದು ಎದುರು ಕೂತಳು. "ಕೋಣೆಗೆ ತರಬಾರದು ಅಂದಿದ್ದಾರಲ್ಲ. ಇಲ್ಲೇ ತೆಗೆದುಬಿಡ್ತೀನಿ ಅತ್ತೆ, ಪೈಪೂ ಇಲ್ಲ."

"ನಾಳೆ" ಎಂದಳು ಮೈಕಮ್ಮ, ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತ.

"ನಾಳೆ ನನಗೆ ಬೇಗ ಹೋಗೋದಿದೆ. ಕೊಡಿ ಕೈ. ಮಗು ಥರ ಆಡ್ಬೇಡಿ."

ಸೊಸೆ ಹೆಬ್ಬೆರಳು ಹಿಡಿದು ಹತ್ತಿ ಒತ್ತಿ ಎಳೆದಳು. ಕೆಂಪು ಹೋಯಿತು. ಮತ್ತೊಮ್ಮೆ ಒರೆಸಿದಳು. ಕೆಳಗಿನ ಬಣ್ಣ ಹೋಗಲಿಲ್ಲ. ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿದಳು, ಔಷಧಿ ಹಳೆಯದಿರಬಹುದೇ? ಪಕ್ಕದ ಬೆರಳು ಒರೆಸಿದಳು. ಅದರ ಮುಂದಿನದು. ದಿನಕ್ಕೆ ಎಷ್ಟೋ ಜನರ ಉಗುರು ತೊಳೆದು ತಿದ್ದುವವಳಿಗೆ ಬರಿಯ ಉಗುರು ಹೇಗಿರುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೈ ಅಲ್ಲೇ ನಿಂತಿತು. ತಲೆ ಎತ್ತಿ ಅತ್ತೆಯ ತುಟಿ ನೋಡಿದಳು.

"ಯಾವಾಗಿಂದ ಹೀಗೆ?"

ಮೈಕಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು.

"ಅತ್ತೆ, ಕೇಳ್ತಾ ಇರೋದು. ದಿನಾನೂ ಹೀಗೇನಾ?"

"ಊಟದ ಹೊತ್ತು ಮಾತ್ರ."

ಸೊಸೆ ಸೀಸೆಯ ಮುಚ್ಚಳ ಬಿಗಿದು ದೂರ ತಳ್ಳಿದಳು. "ರೀ!" ಎಂದು ಕೂಗಿದ ಕೂಗಿಗೆ ಮಲಗಿದ್ದ ಮಗ ಎದ್ದು ಬಂದ. ಇಬ್ಬರೂ ಅವಳನ್ನು ಎರಡು ಕಡೆ ಹಿಡಿದು ಕೋಣೆಗೆ ಕರೆದೊಯ್ದು ಪೈಪು ಹಾಕಿದರು. ಮೊಮ್ಮಗಳು ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ನೀಲಿ ಮೆಲ್ಲಗೆ ಇಳಿಯುವವರೆಗೆ ಸೊಸೆ ಬೆರಳು ಬಿಡಲಿಲ್ಲ.

ಭಯ ಇಳಿದ ಮೇಲೆ ಮಗನಿಗೆ ಕೋಪ ಬಂತು. "ಜೀವ ಹೋಗಿದ್ರೆ? ಯಾಕಮ್ಮ ಹೀಗ್ಮಾಡ್ದೆ? ಅಲ್ಲಿ ಕೂತು ಊಟ ಮಾಡ್ಬೇಕು ಅಂತ ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ" ಎಂದಳು ಮೈಕಮ್ಮ. "ಒಂದ್ಸಲ."

ನರ್ಸಮ್ಮ ಬಂದು ಅಳೆದಳು. ಡಾಕ್ಟರು ಫೋನಿನಲ್ಲೇ ಬೈದರು. ಮೆಷಿನ್ನು ಇನ್ನು ಮನೆ ಬಿಟ್ಟು ಹೋಗುವಂತಿಲ್ಲ, ಪೈಪು ಮೂಗು ಬಿಟ್ಟು ಹೋಗುವಂತಿಲ್ಲ. ಆ ದಿನವೇ ಮಗ ಒಬ್ಬನೇ ಮೆಷಿನ್ನನ್ನು ತಳ್ಳಿಕೊಂಡು ಬಂದು ಊಟದ ಮೇಜಿನ ಪಕ್ಕದಲ್ಲಿ ನಿಲ್ಲಿಸಿದ. "ಇಲ್ಲೇ ಇರಲಿ. ಯಾರು ಏನಾದ್ರೂ ಅನ್ನಲಿ" ಎಂದ. ಯಾರೂ ಏನೂ ಅನ್ನಲಿಲ್ಲ.

ಮೊದಮೊದಲು ನಾಲ್ವರೂ ಒಟ್ಟಿಗೆ ಕೂತರು. ಗೊರಗೊರದ ಮೇಲೆ ದನಿ ಏರಿಸಿ ಮಾತಾಡಿದರು. ಉಪ್ಪು ಕೇಳಬೇಕಾದರೂ ಕೂಗಬೇಕು, ತಮಾಷೆ ಮಾಡಬೇಕಾದರೂ ಕೂಗಬೇಕು. ಕೂಗಿ ಹೇಳಿದ ತಮಾಷೆಗೆ ನಗು ಬರುವುದಿಲ್ಲ. ಬರಬರುತ್ತ ಮಾತು ಕಡಿಮೆಯಾಯಿತು, ಊಟ ಬೇಗ ಮುಗಿಯತೊಡಗಿತು. ಪರೀಕ್ಷೆ ಹತ್ತಿರವಾದಂತೆ ಮೊಮ್ಮಗಳು ತಟ್ಟೆ ಹಿಡಿದು ಹಿಂದಿನ ಕೋಣೆಗೆ ಹೋದಳು. ಅಜ್ಜಿ ಬಿಟ್ಟ ಶಾಂತಿ ಅವಳ ಪಾಲಿಗೆ ಬಂದಿತ್ತು. ಮಗನಿಗೂ ನಿದ್ದೆಗೆ ಅಲ್ಲೇ ಒಂದು ಮೂಲೆ. ಕೆಲಸದಿಂದ ಬಂದವನು ಕತ್ತಲಾಗುವ ಮೊದಲೇ ಅಡುಗೆಮನೆಯಲ್ಲಿ ನಿಂತು ಉಂಡು, "ಅಮ್ಮ, ಊಟ ಆಯ್ತಾ?" ಎಂದು ಕೂಗಿ, ಉತ್ತರಕ್ಕೆ ತಲೆಯಾಡಿಸಿ ಹೋಗುತ್ತಿದ್ದ. ಪಾರ್ಲರಿನಲ್ಲಿ ಜನ ಹೆಚ್ಚಾಗಿ ಸೊಸೆ ತಡವಾಗಿ ಬರುತ್ತಿದ್ದಳು.

ಹೀಗೆ ಮೈಕಮ್ಮನಿಗೆ ಮೇಜು ಸಿಕ್ಕಿತು. ತನ್ನ ಹಳೆಯ ಕುರ್ಚಿಯಲ್ಲಿ, ಮೂಗಿಗೆ ಪೈಪು ಹಾಕಿಕೊಂಡು, ಎದುರಿನ ಮೂರು ಖಾಲಿ ಕುರ್ಚಿಗಳನ್ನು ನೋಡುತ್ತ ಅವಳು ನಿಧಾನಕ್ಕೆ ಅಗಿದಳು. ಗೂಡಿನಲ್ಲಿಯೂ ಸುತ್ತ ಗಾಜಿತ್ತು. ಆದರೆ ಅಲ್ಲಿ ಆಚೆಗೆ ಜನ ಇದ್ದರು.

ಒಂದು ಸಂಜೆ ಸೊಸೆ ಬಂದು ಚಪ್ಪಲಿ ಬಿಟ್ಟಳು. ಕೈ ತೊಳೆದು, ಯಾವತ್ತಿನ ಹಾಗೆ ಮೊದಲು ಅತ್ತೆಯ ಬಳಿಗೆ ಬಂದು ಅವಳ ಬೆರಳುಗಳನ್ನು ದೀಪದ ಕಡೆ ತಿರುಗಿಸಿ ನೋಡಿದಳು. ಉಗುರಿಗೆ ಈಗ ಬಣ್ಣವಿರಲಿಲ್ಲ. "ಚೆನ್ನಾಗಿದೆ" ಎಂದು ಕೂಗಿ ಹೇಳಿ, ಕೈ ಬಿಟ್ಟು, ತನ್ನ ತಟ್ಟೆಗೆ ಬಡಿಸಿಕೊಂಡು ಅಡುಗೆಮನೆಯ ಕಡೆ ಹೊರಟಳು. ದಿನವಿಡೀ ನಿಂತ ಕಾಲುಗಳು ಎಳೆಯುತ್ತಿದ್ದವು.

"ಇಲ್ಲೇ ಕೂತ್ಕೊಳ್ಳೆ" ಎಂದಳು ಮೈಕಮ್ಮ.

ಮೆಷಿನ್ನು ಫುಸ್ಸೆಂದಿತು. ಸೊಸೆ ಹೊಸ್ತಿಲಲ್ಲಿ ನಿಂತು ತಿರುಗಿದಳು. "ಏನಂದ್ರಿ ಅತ್ತೆ?"

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕೆ ಉಸಿರು ಹೆಚ್ಚು ಬೇಡ. ಆದರೆ ಸೊಸೆ ತಲೆ ಎತ್ತಿ ನೋಡುತ್ತಿದ್ದಳು. ಮೈಕಮ್ಮ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಳು. ಮೂಗಿನಿಂದ ಗಾಳಿ ಎಳೆದುಕೊಂಡಳು, ತುಟಿ ಚೂಪು ಮಾಡಿ ಬಿಟ್ಟಳು, ಮತ್ತೆ ಎಳೆದುಕೊಂಡಳು, ಎದೆ ತುಂಬುವವರೆಗೆ ಕಾದಳು.

"ಇಲ್ಲೇ ಕೂತ್ಕೊಳ್ಳೆ" ಎಂದಳು, ಎರಡನೇ ಸಲ.